ಗಂಡುಬೀರಿಯ ರಕ್ತ

ಮಾಂಪಾಂಗ್ ಊರಿನ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವ ದುಫಿಯೆಗೆ ಊರವರು ಕೊಟ್ಟ ಬಿರುದು ಗಂಡುಬೀರಿ. ಅಲ್ಲಿ ಅದು ಬೈಗುಳವಲ್ಲ, ಹೊಗಳಿಕೆ. ಹರೆಯದಲ್ಲಿ ಅವಳೂ ಹಿಗ್ಗಿದ್ದಳು. ಈಗ ಕೇಳಿದರೆ ಮೈ ಉರಿಯುತ್ತದೆ. ಹೆಣ್ಣೊಬ್ಬಳು ಲೆಕ್ಕ ಬಿಡಿಸಿದರೆ ಅವಳನ್ನು ಗಂಡಸರ ಸಾಲಿಗೆ ಸೇರಿಸಿ, ಹೆಂಗಸರ ಸಾಲು ಖಾಲಿ ಎನ್ನುವ ಉಪಾಯವದು. ಕಾಲೇಜಿನ ಪ್ರಯೋಗಾಲಯದಲ್ಲಿ ತಂತಿ ಜೋಡಿಸುವವರು ಹುಡುಗರು. "ನಿನ್ನ ಅಕ್ಷರ ಚೆಂದ" ಎಂದು ಇವಳ ಕೈಗೆ ಬರೆಯುವ ಕೆಲಸ. ತಂತಿ ಕಿತ್ತುಕೊಂಡೇ ಕಲಿತಳು. ಮದುವೆಯಾಯಿತು, ಮಕ್ಕಳಾದವು, ಬಿರುದು ಮಾತ್ರ ಬಿಡಲಿಲ್ಲ.

ಆ ಭಾನುವಾರ ಅಕ್ಕನ ಮಗಳು ಅಚಿಯಾಳ ಮುಂದಿನ ಓದು ತೀರ್ಮಾನವಾಗಬೇಕಿತ್ತು. ಹೋದ ರಜೆಯಲ್ಲಿ ದುಫಿಯೆಯ ಶಾಲೆಗೆ ಬಂದು, ತಾನೇ ಬಲ್ಬು ಹೊತ್ತಿಸಿ ಕುಣಿದಾಡಿದ್ದ ಹುಡುಗಿ. ಇವಳಿಗೆ ವಿಜ್ಞಾನವೇ ಸಿಗಬೇಕೆಂದು ದುಫಿಯೆ ಹಟತೊಟ್ಟು ಬಂದಿದ್ದಳು. ಆದರೆ ತಾಯಿಯ ಕಡೆಯಿಂದಲೇ ವಂಶ ಎಣಿಸುವ ಆ ಊರಲ್ಲಿ ಅಪ್ಪನಿಗಿಂತ ಸೋದರಮಾವನ ಮಾತೇ ಮೇಲು. ಮಾವನೆಂದರೆ ದುಫಿಯೆಯ ಅಣ್ಣ ಬೆಡಿಯಾಕೊ, ಔಷಧಿ ಅಂಗಡಿಯವನು. ಅಕ್ಕನ ಮನೆಯ ಅಂಗಳದಲ್ಲಿ ಅಚಿಯಾ ಫುಫು ಮುದ್ದೆಗೆ ಬೆಂದ ಮರಗೆಣಸು ಕುಟ್ಟುತ್ತಿದ್ದಳು. ವಿಜ್ಞಾನ ಓದುತ್ತಿದ್ದ ಅವಳ ಅಣ್ಣ ಅನೋಚೆ, ಕೆಡದ ರೇಡಿಯೊ ಬಿಚ್ಚಿ ಹರವಿಕೊಂಡಿದ್ದ.

"ಗೃಹವಿಜ್ಞಾನ ಸಾಕು ಬಿಡೆ, ಅದೂ ವಿಜ್ಞಾನವೇ ಅಲ್ವಾ?" ಬೆಡಿಯಾಕೊ ನಕ್ಕ. "ಹೆಣ್ಮಕ್ಕಳ ರಕ್ತದಲ್ಲೇ ಇಲ್ಲ ಅದು. ಅನೋಚೆನ ನೋಡು, ನನ್ನದೇ ರಕ್ತ."

"ನಿನ್ನ ರಕ್ತ ಅವನಿಗೆ ಹೇಗೆ ಬಂತಣ್ಣ?"

"ಅಕ್ಕನಿಂದ! ರಕ್ತ ತಾಯಿದು ಅಂತ ಹಸುಗೂಸಿಗೂ ಗೊತ್ತು."

"ಮತ್ತೆ ಅಕ್ಕ ಅಚಿಯಾನ ಸಂತೇಲಿ ತಂದಳಾ? ರಕ್ತ ತಾಯಿದು ಅಂತ ತಾನೆ ಅಂಗಡೀನ ಸ್ವಂತ ಮಗನ್ನ ಬಿಟ್ಟು ಸೋದರಳಿಯ ಅನೋಚೆಗೆ ಬಿಡ್ತಿರೋದು? ವಿಜ್ಞಾನ ರಕ್ತದಲ್ಲೇ ಇದ್ರೆ ಅದು ಹೆಂಗಸರ ಸ್ವತ್ತು ಕಣಣ್ಣ!"

ಒರಳಿನ ಬಳಿ ಕೂತಿದ್ದ ಅಕ್ಕ ಕಿಸಕ್ಕನೆ ನಕ್ಕಳು. ಬೆಡಿಯಾಕೊ ಪೆಚ್ಚಾದ. ಗೆದ್ದೆ ಎಂದುಕೊಂಡಳು ದುಫಿಯೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ.

"ಆಯ್ತಮ್ಮ, ರಕ್ತ ಬಿಡು. ಇವಳು ಸಂಜೆವರೆಗೂ ಲ್ಯಾಬಲ್ಲಿ ಕೂತ್ರೆ ಇಲ್ಲಿ ಕುಟ್ಟೋರ್ಯಾರು?"

ಹಾಗಾದರೆ ವಿಷಯ ಇಷ್ಟೇ! ಇಷ್ಟು ವರ್ಷ ರಕ್ತದ ಹೆಸರಲ್ಲಿ ತಡೆದದ್ದು ಒನಕೆಯೇ. ದುಫಿಯೆಗೆ ಎಲ್ಲಿಲ್ಲದ ಸಿಟ್ಟು ಬಂತು. ಅಚಿಯಾಳ ಒನಕೆ ಕಿತ್ತುಕೊಂಡು, ಅನೋಚೆಯ ಸ್ಕ್ರೂಡ್ರೈವರನ್ನು ಅವಳ ಕೈಗಿಟ್ಟಳು.

"ನೀನೇ ಹೇಳೆ. ನಿಂಗೇನಿಷ್ಟ?"

ಹುಡುಗಿ ಮಾವನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ತನ್ನ ಕೈಯಿಂದ ಸ್ಕ್ರೂಡ್ರೈವರಿಗೆ ಮೆತ್ತಿದ ಹಿಟ್ಟನ್ನು ಬಟ್ಟೆಯ ಅಂಚಿನಲ್ಲಿ ಒರೆಸಿ ಅಣ್ಣನಿಗೆ ಚಾಚಿದಳು.

"ನಂಗದೆಲ್ಲ ಇಷ್ಟ ಇಲ್ಲ ಚಿಕ್ಕಮ್ಮ. ಯಾರೂ ಬಲವಂತ ಮಾಡಿಲ್ಲ. ಒನಕೆ ಕೊಡು, ಆರಿದ್ರೆ ಗಂಟಾಗುತ್ತೆ."

"ಕೇಳಿದ್ಯಾ? ಅವಳೇ ಆರಿಸ್ಕೊಂಡಳು," ಎಂದ ಬೆಡಿಯಾಕೊ.

ದುಫಿಯೆ ಒನಕೆ ಕೊಡಲಿಲ್ಲ. ಬಲ್ಬು ಹೊತ್ತಿದಾಗಿನ ಆ ಕುಣಿತ ಕಣ್ಣಿಗೆ ಕಟ್ಟಿ, ಹಲ್ಲು ಕಚ್ಚಿಕೊಂಡು ತಾನೇ ಕುಟ್ಟತೊಡಗಿದಳು. ಒರಳು ಅಲ್ಲಾಡಿತು.

"ಏಟು ನೋಡು ಏಟು!" ಅಣ್ಣ ಮನಸಾರೆ ಮೆಚ್ಚಿದ. "ಗಂಡುಬೀರಿ ಅಂದ್ರೆ ಗಂಡುಬೀರಿನೇ!"