ಐದು ಕಿಲೋ ಆಗಲಿ

ಮಗಳ ಚೊಚ್ಚಲ ಬಾಣಂತನ ಶಹಾಬಾದಿನ ನಮ್ಮ ಮನೆಯಲ್ಲೇ ಆಯಿತು. ಗಂಡು ಕೂಸು. ಹಾಲು ಕುಡಿಯುವಾಗ ಅದರ ಹಣೆಯ ಮೇಲೆ ಬೆವರು ಒಡೆಯುತ್ತಿತ್ತು. ಅದೂ ಚಳಿಗಾಲದಲ್ಲಿ. ನಾಲ್ಕು ಗುಟುಕು ಎಳೆಯುವುದು, ಮೊಲೆ ಬಿಟ್ಟು ಏದುಸಿರು ಬಿಡುವುದು, ಮತ್ತೆ ಹುಡುಕುವುದು. ಬಾಣಂತಿಯರನ್ನೂ ಕೂಸುಗಳನ್ನೂ ಬೇಕಾದಷ್ಟು ಕಂಡವಳು ನಾನು. ಹಸಿದ ಕೂಸು ಹಾಗೆ ದಣಿಯುವುದಿಲ್ಲ.

ಊರ ಡಾಕ್ಟರು ಎದೆಗೆ ನಳಿಗೆ ಇಟ್ಟು ಕೇಳಿ, ಹೈದರಾಬಾದಿಗೆ ಒಯ್ಯಿರಿ ಎಂದರು. ಮಗಳು, ಅಳಿಯ, ನಾನು ರೈಲು ಹತ್ತಿದೆವು. ಅಲ್ಲಿಯ ದೊಡ್ಡ ಡಾಕ್ಟರು ಉರ್ದುವಿನಲ್ಲಿ, ನನಗೂ ತಿಳಿಯುವ ಹಾಗೆ ಹೇಳಿದರು. ತಾಯಿಯ ಹೊಟ್ಟೆಯಲ್ಲಿರುವಾಗ ಗುಂಡಿಗೆಯ ಹತ್ತಿರ ಒಂದು ನಾಳ ತೆರೆದಿರುತ್ತದೆ, ಹುಟ್ಟಿದ ಮೇಲೆ ತಾನಾಗಿ ಮುಚ್ಚುತ್ತದೆ, ಇದರದು ಮುಚ್ಚಿಲ್ಲ. ಎದೆ ತೆರೆದು ಅದಕ್ಕೆ ದಾರ ಕಟ್ಟಬೇಕು. ಆದರೆ ಇಷ್ಟು ಸಣ್ಣ ಮೈಗೆ ಕತ್ತರಿ ಹಾಕಿದರೆ ಮೇಜಿನಿಂದ ಜೀವಂತ ಇಳಿಯುವವು ಕಡಿಮೆ. ಐದು ಕಿಲೋ ಆಗಲಿ, ಆಗ ತನ್ನಿ ಎಂದರು. ಕುಡಿಸಲು ಔಷಧಿ ಕೊಟ್ಟರು. ಖರ್ಚಿನ ಮಾತನ್ನು ಹೊರಗೆ ಕೂತ ಗುಮಾಸ್ತ ಹೇಳಿದ. ಅಳಿಯ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯಲ್ಲಿ ಕೂಲಿ. ಕೇಳಿದವನು ಅಲ್ಲೇ ಗೋಡೆಗೆ ಒರಗಿ ಕುಕ್ಕರಿಸಿದ.

ಸುದ್ದಿ ತಿಳಿದು ಚಿಂಚೋಳಿ ಕಡೆಯಿಂದ ಬೀಗಿತ್ತಿ ಬಂದಳು. ಚಹಾ ಕುಡಿದು ಕಪ್ಪು ಕೆಳಗಿಟ್ಟು ಕೇಳಿದಳು.

"ಚೊಚ್ಚಲ ಬಾಣಂತನದ ಖರ್ಚು ತವರಿನವರದೇ ಅಲ್ಲೇನ್ರಿ?"

"ಬಾಣಂತನ ನಂದರಿ," ಅಂದೆ. "ಕೂಸು ಯಾರ ಮನಿದು? ಮೂಗು ನಮ್ದು, ಕಿವಿ ನಮ್ದು ಅಂತ ಓಣಿ ತುಂಬ ಹೇಳ್ಕೋತ ತಿರುಗೀರಿ. ಎದಿ ಒಂದ ನಂದೇನು?"

 ಅವಳು ಸೊಂಟದ ಡಾಬು ಬಿಚ್ಚಿ ನನ್ನ ಉಡಿಗೆ ಹಾಕಿದಳು. ನನ್ನ ಕೊರಳಿನ ಬೋರಮಾಳವೂ ಹೋಯಿತು. ರೊಕ್ಕ ಹೇಗೋ ಕೂಡಿತು. ತೂಕ ಕೂಡಲಿಲ್ಲ.

ವಾರಕ್ಕೊಮ್ಮೆ ಓಣಿಯ ಕಿರಾಣಿ ಅಂಗಡಿಗೆ ಒಯ್ದು, ತಕ್ಕಡಿಯಲ್ಲಿ ನನ್ನ ಹಳೆ ಸೀರೆ ಹಾಸಿ ಕೂಸನ್ನು ತೂಗಿಸುತ್ತಿದ್ದೆ. ಅಂಗಡಿಯ ಚಾಚಾ ಆ ಕಡೆ ಕಬ್ಬಿಣದ ಕಲ್ಲು ಇಡುವ.

"ಸರಿ ಹಿಡಿ ಚಾಚಾ. ನಮಗ ಬ್ಯಾಳಿ ತೂಗಿದಂಗ ತೂಗಬ್ಯಾಡ."

"ತೋಬಾ, ಅಕ್ಕಾ. ಬ್ಯಾಳಿ ಬ್ಯಾರೆ, ಇವ ಬ್ಯಾರೆ. ಇವಂಗ ಒಂದು ತೊಲಿ ಮ್ಯಾಲೇ ಕೊಡ್ತೀನಿ, ತಗೋ."

ಅವನ ಚೇಷ್ಟೆಗೆ ಕಲ್ಲು ಏಳುತ್ತಿರಲಿಲ್ಲ. ಮಗಳು ಹಾಲು ಹಿಂಡಿ ಒಳಲೆಯಲ್ಲಿ ಹನಿಹನಿಯಾಗಿ ಹಾಕುತ್ತಿದ್ದಳು. ಅರ್ಧ ಒಳಗೆ, ಅರ್ಧ ಕಟಬಾಯಿಂದ ಹೊರಗೆ.

ಒಂದು ವಾರ ತಕ್ಕಡಿಯಲ್ಲಿ ಕೂಸಿನ ತಟ್ಟೆ ಕೆಳಗಿಳಿಯಿತು. ಮರುವಾರ ಇನ್ನೂ ಇಳಿಯಿತು. ಕೆನ್ನೆ ತುಂಬಿತ್ತು, ಪಾದ ಉರುಟಾಗಿತ್ತು, ರೆಪ್ಪೆ ದಪ್ಪಗಾಗಿತ್ತು. ಐದು ಕಿಲೋ ದಾಟಿದ ದಿನ ಚಾಚಾ ಡಬ್ಬಿಗೆ ಕೈ ಹಾಕಿ ಅಂಗಡಿಯಲ್ಲಿ ನಿಂತವರಿಗೆಲ್ಲ ಸಕ್ಕರೆ ಹಂಚಿದ. ಬೀಗಿತ್ತಿ ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದಳು. ಆ ವಾರ ಮಗಳು ಮೊದಲ ಸಲ ತಲೆ ಬಾಚಿಕೊಂಡಳು.

ಹೈದರಾಬಾದಿನ ಡಾಕ್ಟರು ಕೂಸನ್ನು ತೂಗಲೇ ಇಲ್ಲ. ಪಾದ ಹಿಡಿದು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ನಾದಿದ ಹಿಟ್ಟಿನಲ್ಲಿ ಉಳಿದ ಹಾಗೆ ಅಲ್ಲಿ ಕುಳಿ ಉಳಿಯಿತು.

"ಇದು ಮಾಂಸ ಅಲ್ಲ, ನೀರು" ಎಂದರು. ಗುಂಡಿಗೆ ಸೋತರೆ ಮೈಯಲ್ಲಿ ನೀರು ನಿಲ್ಲುತ್ತದಂತೆ.

ಮಗಳು ಬಿಡಲಿಲ್ಲ. "ಐದು ಕಿಲೋ ಆಗ್ಯಾದರಿ, ಡಾಕ್ಟರ್ ಸಾಬ್. ನೀವೇ ಹೇಳಿದ್ರಿ. ಬೇಕಾದ್ರ ನಿಮ್ಮ ತಕ್ಕಡ್ಯಾಗ ತೂಗಿ ನೋಡ್ರಿ."

ಅವರು ನನ್ನ ಮುಖ ನೋಡಿದರು.

ಸೂಜಿ ಚುಚ್ಚಿ ನೀರು ಇಳಿಸಿದರು. ನೀರು ಇಳಿದ ಮೇಲೆ ನಮ್ಮ ಕೂಸು ಎಷ್ಟಿತ್ತೆಂದು ಕಣ್ಣಿಗೆ ಬಿತ್ತು. ಹುಟ್ಟಿದಾಗಿನದಕ್ಕಿಂತ ಹೆಚ್ಚೇನೂ ಇರಲಿಲ್ಲ, ಪಕ್ಕೆಲುಬು ಮಾತ್ರ ಉದ್ದವಾಗಿದ್ದವು. ದಾರ ಕಟ್ಟುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಒಂದು ಮಧ್ಯಾಹ್ನ ಮಗಳು ಆಸ್ಪತ್ರೆಯ ನಳದ ಹತ್ತಿರ ಬಟ್ಟೆ ಒಗೆಯುತ್ತಿದ್ದಾಗ ಅದು ನನ್ನ ತೊಡೆಯ ಮೇಲೆ ಹೋಯಿತು. ಅಳಿಯ ಅದನ್ನು ಆ ಊರಲ್ಲೇ ಮಣ್ಣು ಮಾಡಿ ಬಂದ.

ತಿರುಗಿ ಬರುವಾಗ ರೈಲು ಸೇಡಂ ದಾಟಿತು. ಮಗಳು ಕೇಳಿದಳು.

"ಅವ್ವಾ, ಚಾಚಾ ಸಕ್ಕರಿ ಹಂಚಿದ್ನಲ್ಲ, ಅವತ್ತೇ ಅದು ಮುಳುಗಲಿಕತ್ತಿತ್ತೇನು?"

ಇಲ್ಲ ಅನ್ನಬಹುದಿತ್ತು. ಸುಳ್ಳು ಹೇಳಿ ಯಾರ ಹೊಟ್ಟೆ ತಂಪಾಗಬೇಕು?

"ಹೂಂ," ಅಂದೆ. "ಮುಳುಗಲಿಕತ್ತಿತ್ತು."

"ಆ ವಾರ ಅಳೋದ ಬಿಟ್ಟಿತ್ತು. ಶಾಣ್ಯಾ ಆಗ್ಯಾನ ಅಂದ್ಕೊಂಡು ನಾ ನಿದ್ದಿ ಮಾಡೀನಿ, ಅವ್ವಾ."

 ವಾಡಿ ಜಂಕ್ಷನ್ನಿನಲ್ಲಿ ಮಂದಿ ನುಗ್ಗಿ ಬಂದರು. ಅವಳ ಕುಪ್ಪಸ ಹಾಲಿಗೆ ತೊಯ್ದಿತ್ತು. ನನ್ನ ಸೆರಗು ಎಳೆದು ಅವಳ ಎದೆಗೆ ಹೊದಿಸಿ, ಮಂದಿಗೆ ಅಡ್ಡವಾಗಿ ಕೂತೆ.