ಅಲ್ಲಾಲ್ ಕೂತಲ್ಲಿ ಎಡಕ್ಕೆ

ಫೆಸ್ ಪಟ್ಟಣದ ಹಳೇ ಊರಿನಲ್ಲಿ ಕೊಂಬಿನ ಬಾಚಣಿಗೆ ಮಾಡುವವನು ಅಂತ ಉಳಿದಿದ್ದವನು ಅಲ್ಲಾಲ್ ಒಬ್ಬನೇ. ಮೂರು ಓಣಿ ಕೂಡುವ ಮೂಲೆಯಲ್ಲಿ, ಅಪ್ಪ ಕೂತ ಜಾಗದಲ್ಲೇ, ಗಿಡ್ಡ ಮಣೆಯ ಮೇಲೆ ಕುರಿಚರ್ಮ ಹಾಸಿಕೊಂಡು ಐವತ್ತು ವರ್ಷ ಕೂತಿದ್ದ. ದನದ ಕೊಂಬನ್ನು ಕೆಂಡಕ್ಕೆ ಹಿಡಿದು ಮೆತ್ತಗೆ ಮಾಡೋದು, ಒತ್ತಿ ಚಪ್ಪಟೆ ಮಾಡೋದು, ಕಾಲ್ಬೆರಳ ಸಂದಿಯಲ್ಲಿ ಸಿಕ್ಕಿಸಿ ಗರಗಸದಲ್ಲಿ ಹಲ್ಲು ಬಿಡಿಸೋದು. ಸುಟ್ಟ ಕೊಂಬಿನ ನಾತ ಮೈಗೇ ಅಂಟಿತ್ತು. ಹೆಂಡತಿ ಬದುಕಿರುವವರೆಗೂ ಮೂಗಿಗೆ ತಲೆವಸ್ತ್ರ ಹಿಡಿದೇ ಅವನಿಗೆ ಊಟಕ್ಕಿಟ್ಟಳು.

ಮುದಿತನದಲ್ಲಿ ಅವನಿಗೊಂದು ಹೊಸ ಕೆಲಸ ತಾನಾಗಿ ಅಂಟಿಕೊಂಡಿತು. ದಾರಿ ತೋರುವವರಿಲ್ಲದೆ ತಾವೇ ನಡೆದು ಊರು ನೋಡುವ ಪ್ರವಾಸಿಗಳಿಗೆಂದು ಯಾರೋ ಒಂದು ಹಾಳೆ ಅಚ್ಚು ಹಾಕಿಸಿದ್ದರು. ಆ ಓಣಿಗಳಿಗೆ ಹೆಸರಿನ ಹಲಗೆ ಎಲ್ಲಿದೆ? ಅದಕ್ಕೇ ಬರೆದಿದ್ದರು: ಬಾಚಣಿಗೆ ಮಾಡುವ ಮುದುಕ ಕೂತಲ್ಲಿ ಎಡಕ್ಕೆ ತಿರುಗಿ. ಬಂದವರು ಹಾಳೆ ನೋಡುತ್ತಿದ್ದರು, ಅವನ ಕಾಲ್ಬೆರಳು ನೋಡುತ್ತಿದ್ದರು, ಎಡಕ್ಕೆ ತಿರುಗುತ್ತಿದ್ದರು. ಎದುರಿನ ಪುದೀನ ಮಾರುವವನು, ನೀನಿನ್ನು ಮನುಷ್ಯ ಅಲ್ಲಪ್ಪ, ಮೈಲಿಗಲ್ಲು ಅಂತ ಗೇಲಿ ಮಾಡಿದ.

ಎಡಗಡೆ ಓಣಿಯಲ್ಲಿದ್ದದ್ದು ಅವನ ಅಕ್ಕ ಬತೂಲಳ ಮನೆ. ಮೂರಂತಸ್ತು. ಎದುರು ಮನೆ ಖಾಲಿ ಬಿದ್ದು ವರ್ಷಗಳಾಗಿತ್ತು. ಎರಡೂ ಗೋಡೆ ಒಂದಕ್ಕೊಂದು ವಾಲದಂತೆ ನಡುವೆ ಮರದ ದಿಮ್ಮಿಗಳ ಆಸರೆ ಕೊಟ್ಟಿದ್ದರು. ನಡೆದು ಬಂದವರು ಅವಳ ಗೋಡೆಗೆ ಒರಗಿ ಮೇಲಿನ ಕೆತ್ತನೆ ನೋಡುವುದು, ಅವಳು ಹೊಸ್ತಿಲಲ್ಲೇ ಕೂತು ಜೇನು ಸವರಿದ ಬಿಸಿ ರೊಟ್ಟಿ ಮಾರುವುದು. ಗಂಡ ಸತ್ತ ಮೇಲೆ ಅವಳ ಬದುಕು ನಡೆದದ್ದು ಅದರಲ್ಲೇ.

ಆ ಚಳಿಗಾಲ ಪುರಸಭೆಯವನೊಬ್ಬ ಬಂದು ಅವಳ ಮನೆಯೊಳಗಿನ ಅಂಗಳದ ಗೋಡೆಯ ಬಿರುಕಿಗೆ ಅಡ್ಡಲಾಗಿ ಬಿಳಿ ಗಾರೆಯ ಪಟ್ಟಿ ಮೆತ್ತಿ, ತಾರೀಖು ಬರೆದು ಹೋದ. ಪಟ್ಟಿ ಸೀಳಿದರೆ ಮನೆ ಜರುಗುತ್ತಿದೆ ಅಂತ ಲೆಕ್ಕ, ಕೂಡಲೇ ತಿಳಿಸಿ ಅಂದ. ಹನ್ನೆರಡನೇ ದಿನಕ್ಕೆ ಅದು ಸೀಳಿದ್ದನ್ನು ಅಲ್ಲಾಲ್ ಕಣ್ಣಾರೆ ಕಂಡ. ಮಾರನೇ ವಾರ ಹೋದರೆ ಪಟ್ಟಿ ಹೊಸದಾಗಿ, ಅಖಂಡವಾಗಿತ್ತು. ತಾರೀಖಿನ ಅಂಕಿ ಮಾತ್ರ ತಲೆಕೆಳಗು. ಬತೂಲ್ ತಾನೇ ಗಾರೆ ಕಲಸಿ ಮೆತ್ತಿದ್ದಳು.

"ಅವರಿಗೆ ಗೊತ್ತಾದ್ರೆ ಬೀಗ ಜಡೀತಾರೆ," ಅಂದಳು. "ನೀನು ಬಾಯಿ ಬಿಟ್ಯೋ, ನಮ್ಮಮ್ಮನ ಹೊಟ್ಟೇಲಿ ಹುಟ್ಟಿದೋನೇ ಅಲ್ಲ."

ನನ್ನ ಕೋಣೆಗೆ ಬಂದುಬಿಡು ಅಂತ ಒಂದು ಸಲ ಕರೆದ. ಕೊಂಬಿನ ನಾತದಲ್ಲಿ ಸಾಯಲಾರೆ ಅಂದಳು. ಅವನು ಪುರಸಭೆಗೆ ಹೋಗದೆ ತನ್ನ ಮೂಲೆಗೆ ಹಿಂದಿರುಗಿ ಕೂತ.

ಆದರೆ ಜನ ಅವನ ಮುಖ ನೋಡಿ ತಿರುಗುವುದು ನಿಲ್ಲಲಿಲ್ಲ. ಬತೂಲಳ ಮನೆಯ ಸೂರಿನಡಿ ಗೂಡು ಕಟ್ಟಿದ್ದ ಪಾರಿವಾಳಗಳು ಒಂದೇ ದಿನ ಜಾಗ ಖಾಲಿ ಮಾಡಿದವು. ಬೆನ್ನಿಗೆ ಕೂಸು ಕಟ್ಟಿಕೊಂಡ ಹೆಣ್ಣುಮಗಳೊಬ್ಬಳು ಅವನನ್ನು ನೋಡಿ ನಕ್ಕು ಎಡಕ್ಕೆ ಹೋದಳು. ಅವಳು ಆ ಕಡೆಯಿಂದ ಹೊರಬೀಳುವವರೆಗೂ ಅವನ ಕೈಯಲ್ಲಿ ಗರಗಸ ಓಡಲಿಲ್ಲ.

ಮಾರನೇ ದಿನ ಅವನು ಮಣೆ ಎತ್ತಿಕೊಂಡು ನಲವತ್ತು ಹೆಜ್ಜೆ ಕೆಳಗೆ, ನೂಲಿಗೆ ಬಣ್ಣ ಹಾಕುವವರ ಹೊಳೆಗೆ ಹೋಗುವ ತಿರುವಿನಲ್ಲಿ ಕೂತ. ಜನ ಹಾಳೆ ನೋಡಿದರು, ಅವನನ್ನು ನೋಡಿದರು, ಎಡಕ್ಕೆ ತಿರುಗಿ ಹೊಳೆಯ ಕಡೆ ಹೋದರು. ಮೂರು ದಿನ ಬತೂಲಳ ರೊಟ್ಟಿ ತಣ್ಣಗಾಯಿತು. ನಾಲ್ಕನೇ ದಿನ ಅವಳೇ ಬಂದು ಎದುರಿಗೆ ನಿಂತಳು.

"ಯಾರನ್ನ ಕೇಳಿ ಜಾಗ ಬಿಟ್ಟೆ?"

"ಮಂಡಿ ನೋವು ಅಕ್ಕಾ. ಅಲ್ಲಿ ಬಿಸಿಲು ಬೀಳಲ್ಲ."

"ಮಂಡಿಯಂತೆ. ದಾರಿಹೋಕರ ತಲೆ ಉಳಿಸ್ದೆ. ನನ್ನ ತಲೆ ಮೇಲೆ ಬಿದ್ರೆ ಪರವಾಗಿಲ್ಲ, ಅಲ್ವಾ?"

ಅವಳ ಮಾತು ನಿಜವಾಗಿತ್ತು.

ಮರುದಿನ ಬೆಳಿಗ್ಗೆ ಮಣೆ, ಅಗ್ಗಿಷ್ಟಿಕೆ, ಕೊಂಬಿನ ಚೀಲ ಎಲ್ಲ ಹೊತ್ತುಕೊಂಡು ಹೋಗಿ ಅವಳ ಅಂಗಳದಲ್ಲಿ, ಬಿರುಕಿನ ಬುಡದಲ್ಲೇ ಕೂತುಬಿಟ್ಟ. ನೀನು ಈ ಮನೇಲಿರೋ ತನಕ ನನ್ನ ಅಂಗಡಿ ಇಲ್ಲೇ ಅಂದ. ಹುಚ್ಚು ಹಿಡಿದಿದೆ ಅಂತ ಅವಳು ಗೊಣಗಿದಳು. ಗರಗಸ ಎಳೆಯಬೇಡ, ಗೋಡೆ ಅದುರುತ್ತೆ ಅಂದಳು. ಅವನು ಎಳೆದ. ಒಂದೊಂದು ಎಳೆತಕ್ಕೂ ಮಣ್ಣು ಸಣ್ಣಗೆ ಉದುರಿ ಅವನ ಹೆಗಲ ಮೇಲೆ ಕೂತಿತು. ಮಧ್ಯಾಹ್ನ ಅವಳು ರೊಟ್ಟಿ ತಂದಿಟ್ಟಳು. ಇಳಿಹೊತ್ತಿನ ಅಸರ್ ನಮಾಜಿನ ಕೂಗು ಮುಗಿದ ಹೊತ್ತಿಗೆ ಬಟ್ಟೆ ಹರಿದಂಥ ಸದ್ದಾಯಿತು. ಪಟ್ಟಿ ಸೀಳಿ ಅರ್ಧ ಅವನ ತೊಡೆಯ ಮೇಲೆ ಬಿತ್ತು.

ಅವನು ಗರಗಸ ಬಿಡಲಿಲ್ಲ. ಅವಳು ತಲೆವಸ್ತ್ರ ಬಿಗಿದುಕೊಂಡಳು.

"ಏಳೋ."

"ನೀನು ಮುಂದೆ ನಡಿ."

"ನಿನ್ನ ಹೆಂಡ್ತಿ ನಿನ್ನ ಜೊತೆ ಅದೆಂಗೆ ಬಾಳಿದ್ಲೋ ಮಾರಾಯ."

ಅವಳು ಹೊರಟ ಮೇಲೆ ಅವನೂ ಎದ್ದ. ಮಣೆ, ಕೆಂಡ, ರೊಟ್ಟಿಯ ಕಾವಲಿ, ಎಲ್ಲ ಒಳಗೇ ಉಳಿದವು. ಮೂರೋಣಿಯ ಮೂಲೆಯಲ್ಲಿ ನಾಲ್ಕು ಜನ ಹಾಳೆ ಹಿಡಿದು ಖಾಲಿ ಜಾಗ ನೋಡುತ್ತಾ ನಿಂತಿದ್ದರು. ಬತೂಲಳಿಗೆ ಅವರ ಭಾಷೆ ಬಾರದು. ಯಾರೂ ಒಳಗೆ ಹೋಗದಂತೆ ತನ್ನ ಓಣಿಯ ಬಾಯಿಗೆ ಅಡ್ಡಲಾಗಿ ನೆಲದ ಮೇಲೆ ಕಾಲು ಚಾಚಿ ಕೂತಳು. ಅಲ್ಲಾಲ್ ಪುರಸಭೆಯ ಕಡೆ ಆದಷ್ಟು ಬಿರುಸಾಗಿ ನಡೆದ. ಅವಳ ಬೆನ್ನ ಹಿಂದೆ, ಓಣಿಯೊಳಗೆ, ದಿಮ್ಮಿಗಳು ಒಂದೊಂದಾಗಿ ಲಟಕ್ಕೆನ್ನುತ್ತಿದ್ದವು. ಅವಳು ತಿರುಗಿ ನೋಡಲಿಲ್ಲ.