ಬಾಗಿಲ ಪಕ್ಕದ ಗೌರವದ ಕುರ್ಚಿ

ಮಾನ್ವಿಯಿಂದ ಬೆಳಗಿನ ಬಸ್ಸು ಹಿಡಿದು ರಾಯಚೂರಿನ ಕಾಲೇಜಿಗೆ ಕನ್ನಡ ಎಂ.ಎ. ಓದಲು ಹೊರಟಾಗ ನನಗೆ ಅರವತ್ತೈದು ದಾಟಿತ್ತು. ಕಾನ್ವೆಂಟಿನಲ್ಲಿ ಕನ್ನಡ ನಮಗೆ ಬರೀ ಸೆಕೆಂಡ್ ಲ್ಯಾಂಗ್ವೇಜ್. ಅದನ್ನು ಒಮ್ಮೆ ಮನಸಾರೆ ಓದಬೇಕೆಂಬ ಆಸೆ, ರೈಸ್ ಮಿಲ್ಲಿನ ಮನೆಯ ಸೊಸೆಯಾಗಿ ಇಷ್ಟು ವರ್ಷ ಕಳೆದ ಮೇಲೂ ಹಾಗೇ ಉಳಿದಿತ್ತು.

ಮೊದಲ ದಿನವೇ ನಮ್ಮ ಸರ್, ನನ್ನ ಮಗನ ವಯಸ್ಸಿನವರು, ಆಫೀಸಿನಿಂದ ಮೆತ್ತೆಯ ಕುರ್ಚಿ ತರಿಸಿ ಕ್ಲಾಸಿನ ಹಿಂದುಗಡೆ, ಬಾಗಿಲ ಪಕ್ಕ ಹಾಕಿಸಿದರು.

“ಯವ್ವಾ, ಇಲ್ಲಿ ಕುಂದರ್ರಿ. ಮ್ಯಾಲೆ ಫ್ಯಾನ್ ಅದ. ಸುಸ್ತಾದ್ರ ಎದ್ದು ಹೋಗಾಕೂ ಸಲೀಸು.”

ನನ್ನ ಎಡಗಿವಿ ಕೆಲಸ ಬಿಟ್ಟು ಬಹಳ ವರ್ಷವಾಗಿದೆ. ಬಲಗಿವಿಗೆ ಬಾಗಿಲಾಚೆಯ ವರಾಂಡದ ಗದ್ದಲ. ಸರ್ ಪಾಠ ಮಾಡುವುದೇ ಬೋರ್ಡಿಗೆ ಮುಖ ಮಾಡಿ. ಹಿಯರಿಂಗ್ ಏಡ್ ಹಾಕಿದರೆ ಫ್ಯಾನೇ ಪಾಠ ಹೇಳಿದಂತಾಗುತ್ತಿತ್ತು. ಆದರೂ ಸುಮ್ಮನಿದ್ದೆ. ‘ಡೋಂಟ್ ಮೇಕ್ ಎ ಫಸ್’ ಎಂದು ಸಿಸ್ಟರುಗಳು ಬೆಳೆಸಿದ ಹುಡುಗಿ ನಾನು. ಸರ್ ನನ್ನ ಕಡೆ ನೋಡಿದಾಗಲೆಲ್ಲ ತಲೆಯಾಡಿಸುತ್ತಿದ್ದೆ. ಅವರು ಉಳಿದವರನ್ನು ಗದರುತ್ತಿದ್ದರು: “ನೋಡ್ರಿ, ಯವ್ವಾರಿಗೆ ತಿಳೀತು! ನಿಮಗೇನಾಗ್ಯಾದ?”

ಇಂಟರ್ನಲ್ ಟೆಸ್ಟ್ ಬಂತು. ಪಾಠ ಕೇಳಿಸದ ನಾನು ಪ್ರಶ್ನೆಗೆ ಸಂಬಂಧವೇ ಇಲ್ಲದ್ದನ್ನು ಚೆಂದದ ಹ್ಯಾಂಡ್‌ರೈಟಿಂಗಿನಲ್ಲಿ ಬರೆದಿಟ್ಟೆ. ಪೇಪರ್ ಕೈಗೆ ಬಂದಾಗ ನೋಡಿದರೆ ಫುಲ್ ಮಾರ್ಕ್ಸ್. ದೇವದುರ್ಗದಿಂದ ದಿನಾ ಬಂದುಹೋಗುವ ಹುಡುಗಿಯೊಬ್ಬಳು, ಸರಿಯಾಗಿ ಬರೆದೂ ಕಡಿಮೆ ಪಡೆದವಳು, ನನ್ನ ಪೇಪರ್ ಓದಿ ನಕ್ಕಳು.

“ನಿಮಗ ಬಿಡ್ರಿ ಯವ್ವಾ, ವಯಸ್ಸಿಗೇ ಮಾರ್ಕ್ಸ್ ಬೀಳ್ತಾವ.”

ಸಿಟ್ಟು ಬಂತು. ಅವಳ ಮೇಲಲ್ಲ. ನಾನು ಕಲಿತರೂ ಒಂದೇ, ಬಿಟ್ಟರೂ ಒಂದೇ ಎಂದು ಆ ಕೆಂಪು ಇಂಕಿನಲ್ಲಿ ಬರೆದಂತಿತ್ತು. ಮರುದಿನ ಸರ್ ಪಾಠ ಶುರುಮಾಡುವ ಮುಂಚೆ ಎದ್ದು ನಿಂತೆ.

“ಸರ್, ನನಗ ಇಲ್ಲಿ ಏನೂ ಕೇಳಂಗಿಲ್ಲ. ಮೊದಲಿಂದ ಕೇಳಿಲ್ಲ. ಸುಳ್ಳೇ ಗೋಣು ಹಾಕಾಕತ್ತಿದ್ದೆ. ಆ ಮಾರ್ಕ್ಸ್ ತೆಗೀರಿ, ನನಗ ಮುಂದ ಜಾಗ ಕೊಡ್ರಿ.”

ಸರ್ ಮುಖ ಸಣ್ಣದಾಯಿತು. “ಗೌರವ ಕೊಟ್ಟು ಕುಂದ್ರಿಸಿದ್ವಿ ಯವ್ವಾ. ಈ ವಯಸ್ಸಿನ್ಯಾಗ ನಿಮಗ್ಯಾಕ ಇಷ್ಟು ತ್ರಾಸು? ಹ್ಯಾಂಗೂ ಪಾಸ್ ಆಗ್ತೀರಿ.”

“ಗೌರವ ನಮ್ಮ ಮನ್ಯಾಗೂ ಸಿಗ್ತದ್ರಿ. ಬಸ್ಸಿನ್ಯಾಗ ನಿಂತು ಬರೂದು ಪಾಠಕ್ಕ. ಇನ್ನೊಂದು, ನಮ್ಮ ಕಡಿ ತಿರುಗಿ ಮಾತಾಡ್ರಿ. ಮುಂದಿನ ಫ್ಯಾನ್ ಬಂದ್ ಮಾಡ್ರಿ.”

“ಯವ್ವಾ, ಫ್ಯಾನ್ ಬಂದ್ ಮಾಡಬ್ಯಾಡ್ರೀ! ಈ ಬಿಸಲಾಗ ಸತ್ತೇ ಹೋಗ್ತೀವಿ,” ಎಂದು ಮುಂದಿನ ಬೆಂಚಿನವರೆಲ್ಲ ಬೊಬ್ಬೆ ಹಾಕಿದರು. ರಾಯಚೂರಿನ ಏಪ್ರಿಲ್; ಅವರದೂ ತಪ್ಪಲ್ಲ. ಮುಂಚಿನ ನಾನಾಗಿದ್ದರೆ ಸಾರಿ ಹೇಳಿ ಕೂತುಬಿಡುತ್ತಿದ್ದೆ. ಅಂದು ಕೂರಲಿಲ್ಲ.

“ಸೆಕಿ ಆಗೋರು ಹಿಂದ ಹೋಗ್ರಿ. ಫ್ಯಾನಿನ ಕೆಳಗ ಮೆತ್ತಿ ಕುರ್ಚಿ ಖಾಲಿ ಅದ.”

ಕ್ಲಾಸೆಲ್ಲ ನಕ್ಕಿತು. ದೇವದುರ್ಗದ ಹುಡುಗಿ ಎದ್ದು ಸ್ವಿಚ್ ಆರಿಸಿ, ಮುಂದಿನ ಬೆಂಚಿನಲ್ಲಿ ನನ್ನ ಎಡಕ್ಕೆ ತಾನು ಬರುವಂತೆ ಸರಿದು ಜಾಗ ಮಾಡಿಕೊಟ್ಟಳು. “ಬರ್ರಿ. ಬೆವರು ಬಂದ್ರ ನನ್ನ ದುಪಟ್ಟಾಕ್ಕ ಒರಸಬ್ಯಾಡ್ರಿ ಮತ್ತ.”

ಸರ್ ನನ್ನ ಮಾರ್ಕ್ಸ್ ಕಡಿಮೆ ಮಾಡಿದರು, ಬಹುಶಃ ಸಿಟ್ಟಿಗೇ. ಆಮೇಲೂ ಕೆಲವು ದಿನ ನನ್ನೊಡನೆ ಬಿಗಿಯಾಗಿಯೇ ಇದ್ದರು. ಇರಲಿ. ಈಗಲೂ ಮರೆತು ಬೋರ್ಡಿಗೆ ತಿರುಗುತ್ತಾರೆ. ನಾನು ಪೆನ್ನಿನಿಂದ ಬೆಂಚು ಕುಟ್ಟುತ್ತೇನೆ. “ಸರ್, ಈ ಕಡಿ.” ಅವರು ನಿಟ್ಟುಸಿರು ಬಿಟ್ಟು ತಿರುಗುತ್ತಾರೆ, ಬಿಟ್ಟುಹೋದ ಸಾಲನ್ನು ಮೊದಲಿಂದ ಹೇಳಿಸುತ್ತೇನೆ.